ಬೀಗರಿಂದ ಕೊಂಡ ದೋಣಿ

ಬಸ್ಸು ಓಡಿಸುವುದರಲ್ಲೇ ತಲೆ ನರೆಸಿಕೊಂಡ ಡ್ರೈವರಿಗೆ ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರುವುದು ಆಗಲಿಲ್ಲ. ಮನೆಯಿಂದ ನಾಲ್ಕು ಬೀದಿ ದಾಟಿದರೆ ಕಡಲಿಗೆ ತಾಗಿದ ಸಣ್ಣ ದಕ್ಕೆ. ಅಲ್ಲಿ ಹೋಗಿ ದೋಣಿಗಳನ್ನು ನೋಡುತ್ತ ನಿಲ್ಲುವುದೇ ಅವರ ದಿನಚರಿಯಾಯಿತು. ಅದೇ ದಕ್ಕೆಯಲ್ಲಿ ಅವರ ಬೀಗರದೂ ಒಂದು ಮೋಟಾರು ದೋಣಿ ಇತ್ತು. ಬೀಗರೆಂದರೆ ಮಗಳ ಮಾವ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಮಂಡಿನೋವು ಜೋರಾಗಿ ದೋಣಿಗೆ ಇಳಿಯುವುದು ಹತ್ತುವುದೇ ಅವರಿಗೆ ಕಷ್ಟವಾದಾಗ ಮಾರುವ ಮಾತು ಬಂತು. ಡ್ರೈವರು ಹಿಂದೆಮುಂದೆ ನೋಡದೆ, ಹೊರಗಿನವರಿಗೆ ಯಾಕೆ, ನಾನೇ ತಗೊಳ್ತೀನಿ ಎಂದುಬಿಟ್ಟರು.

ಅವರ ಹೆಂಡತಿಗೆ ಇದು ಹಿಡಿಸಲಿಲ್ಲ. ದೋಣಿ ಬೇಡವೆಂದಲ್ಲ.

"ಬೀಗರ ಹತ್ರ ಹೆಣ್ಣು ಕೊಟ್ಟು ತಗೊಂಡು ಮಾಡಬಹುದು ಕಣ್ರೀ, ವಸ್ತು ತಗೋಬಾರದು," ಎಂದರು ಆಕೆ. "ನಾಳೆ ಅದು ಕೆಟ್ಟು ನಿಂತ್ರೆ ಯಾರನ್ನ ಕೇಳ್ತೀರಿ? ಬೇರೆಯವರಾದ್ರೆ ಜಗಳ ಆಡಿ ಬರಬಹುದು. ಇವರ ಹತ್ರ ಒಂದು ಮಾತಾಡಿದ್ರೆ ಅದು ಹೋಗಿ ನಮ್ಮ ಮಗಳ ತಟ್ಟೆಗೆ ಬೀಳುತ್ತೆ."

ಡ್ರೈವರು ನಕ್ಕುಬಿಟ್ಟರು. ಅಷ್ಟು ಹೊತ್ತಿಗಾಗಲೇ ದೋಣಿಯ ಕೀ ಅವರ ಜೇಬಿನಲ್ಲಿತ್ತು.

ಬಸ್ಸು ಓಡಿಸಿದ ಕೈಗೆ ದೋಣಿ ಯಾವ ಲೆಕ್ಕ ಎಂದುಕೊಂಡವರಿಗೆ ಮೊದಲ ದಿನವೇ ಗರ್ವಭಂಗವಾಯಿತು. ದಕ್ಕೆ ಹತ್ತಿರ ಬಂದಂತೆಲ್ಲ ಅವರ ಬಲಗಾಲು ಹಲಗೆಯ ಮೇಲೆ ಬ್ರೇಕು ಹುಡುಕಿತು. ಬ್ರೇಕು ಇರಲಿಲ್ಲ, ದಕ್ಕೆ ಮಾತ್ರ ಇತ್ತು. ಢಬ್ ಎಂದು ಗುದ್ದಿದ ಸದ್ದಿಗೆ ಬಲೆ ಹೊಲಿಯುತ್ತ ಕೂತವರೆಲ್ಲ ತಲೆಯೆತ್ತಿ ನೋಡಿದರು. ನಿಲ್ಲಿಸಬೇಕಾದರೆ ಬಹಳ ಮೊದಲೇ ವೇಗ ಇಳಿಸಬೇಕು, ಕೊನೆಯಲ್ಲಿ ಒಂದಿಷ್ಟು ರಿವರ್ಸ್ ಕೊಡಬೇಕು ಎಂಬುದು ನಿಧಾನವಾಗಿ ತಲೆಗೆ ಹತ್ತಿತು. ಬಸ್ಸಾದರೆ ಮೂತಿ ಹೋದ ಕಡೆ ಮೈ ಹಿಂಬಾಲಿಸುತ್ತದೆ. ಇದು ಹಾಗಲ್ಲ. ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ, ಪಕ್ಕದ ದೋಣಿಯನ್ನು ಸವರಿಯೂ ಬಿಡುತ್ತದೆ.

ಆದರೆ ಎಂಜಿನ್ನಿನ ವಿಷಯದಲ್ಲಿ ಅವರನ್ನು ಯಾರೂ ಮೀರಿಸುವಂತಿರಲಿಲ್ಲ. ಬೀಗರು ಹೇಳಿಕೊಟ್ಟದ್ದನ್ನೆಲ್ಲ ಅವರು ಮಂತ್ರದ ಹಾಗೆ ಪಾಲಿಸಿದರು. ಎಂಜಿನ್ ಶುರುವಾದ ಕೂಡಲೇ ಅದರ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಒಳಗೆ ತಂಪಾಗುತ್ತಿಲ್ಲವೆಂದೇ ಅರ್ಥ, ತಕ್ಷಣ ಆರಿಸಬೇಕು. ಗೇರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಸೇರಿದೆ ಎಂದು ತಿಳಿಯಬೇಕು. ಪ್ರತಿ ಸಲ ತಿರುಗಿ ಬಂದ ಮೇಲೆ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಬೇಕು. ಇದಿಷ್ಟೂ ಬೀಗರ ಪಾಠ. ಇದರ ಜೊತೆಗೆ ಡ್ರೈವರು ತಮ್ಮದೂ ಒಂದು ಸೇರಿಸಿಕೊಂಡರು. ಬಸ್ಸನ್ನು ತೊಳೆಯುತ್ತಿದ್ದ ಹಾಗೆ ದಿನಾ ಸಂಜೆ ದಕ್ಕೆಯ ನಲ್ಲಿಗೆ ಪೈಪು ಸಿಕ್ಕಿಸಿ, ಸೋಪು ಹಚ್ಚಿ, ದೋಣಿಯ ಮೈಯನ್ನೆಲ್ಲ ಫಳಫಳ ಹೊಳೆಯುವ ಹಾಗೆ ತೊಳೆದರು. ಹೊಸ ಅಳಿಯನಿಗೂ ಇಂಥ ಉಪಚಾರ ನಡೆದಿರಲಿಲ್ಲ ಎಂದು ಹೆಂಡತಿ ನಗುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಬ್ಯಾಟರಿ ನೋಡೋಣವೆಂದು ಡ್ರೈವರು ಕ್ಯಾಬಿನ್ನಿನ ನೆಲದ ಹಲಗೆ ಎತ್ತಿದರು. ದೋಣಿಯ ತಳದಲ್ಲಿ ಅಂಗೈ ಮುಳುಗುವಷ್ಟು ನೀರು ನಿಂತಿತ್ತು.

ಸ್ಪಂಜಿನಿಂದ ಹೀರಿ ಹೀರಿ ಬಕೆಟ್ಟಿಗೆ ಹಿಂಡಿ ಒಣಗಿಸಿ ಬಂದರು. ಮರುದಿನ ನೋಡಿದರೆ ಮತ್ತೆ ಅಷ್ಟೇ ನೀರು. ನೀರು ಹೊರಬಿಡುವ ತಳದ ಬಿರಡೆ ಬಿಗಿಯಾಗಿಯೇ ಇತ್ತು. ದೋಣಿಯನ್ನು ದಡಕ್ಕೆ ಎಳೆಸಿ, ಮಲಗಿ ತೆವಳಿ, ಅಡಿಭಾಗವನ್ನೆಲ್ಲ ಗೆಣ್ಣಿನಿಂದ ಬಡಿದು ಕೇಳಿದರು. ಒಂದು ಬಿರುಕೂ ಕಾಣಲಿಲ್ಲ. ಬಲೆ ಹೊಲಿಯುವವರಲ್ಲೊಬ್ಬ, ಹಳೇ ಫೈಬರ್ ದೋಣಿಗಳಲ್ಲಿ ಕೂದಲೆಳೆಯಂಥ ಬಿರುಕಿರುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ ಎಂದು ತನ್ನ ಪಾಡಿಗೆ ಹೇಳಿ ಹೋದ. ಅಂದಿನಿಂದ ಡ್ರೈವರಿಗೆ ಊಟ ರುಚಿಸಲಿಲ್ಲ.

ಯಾರ ಹತ್ತಿರ ಹೇಳುವುದು? ಹೆಂಡತಿಗೆ ಹೇಳಿದರೆ, ನಾನು ಆಗಲೇ ಹೇಳಿರಲಿಲ್ಲವೇ ಎನ್ನುತ್ತಾರೆ. ಬೀಗರಿಗೆ ಹೇಳುವುದಂತೂ ಸಾಧ್ಯವೇ ಇರಲಿಲ್ಲ. ಬಿಸಿ ತುಪ್ಪ ಬಾಯಿಗಿಟ್ಟುಕೊಂಡ ಹಾಗಾಯಿತು ಅವರ ಸ್ಥಿತಿ. ಇದರ ಮೇಲೆ ಬೀಗರು ಆಗಾಗ ಫೋನು ಮಾಡಿ, ದೋಣಿ ಹೇಗಿದೆ, ಏನೂ ತೊಂದರೆ ಇಲ್ಲವಲ್ಲ ಎಂದು ವಿಚಾರಿಸುತ್ತಿದ್ದರು. ಬಂಗಾರದ ಹಾಗಿದೆ ಎಂದು ಡ್ರೈವರು ಉತ್ತರ ಕೊಡುತ್ತಿದ್ದರು. ಫೋನು ಇಟ್ಟ ಮೇಲೆ ಮನಸ್ಸಿನಲ್ಲಿ ಹುಳ ಕೊರೆಯುತ್ತಿತ್ತು. ಮಾರಿಯಾದ ಮೇಲೂ ಇಷ್ಟು ಸಲ ಯಾಕೆ ಕೇಳುತ್ತಾರೆ? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಲ್ಲವೇ ಇದು? ಗೊತ್ತಿದ್ದೇ ತೂತು ದೋಣಿಯನ್ನು ನನ್ನ ತಲೆಗೆ ಕಟ್ಟಿದರೇ? ಸೊಸೆಯನ್ನು ಸ್ವಂತ ಮಗಳಂತೆ ನೋಡಿಕೊಳ್ಳುವ ಮನುಷ್ಯನ ಬಗ್ಗೆ ಇಂಥ ಯೋಚನೆ ಬಂತಲ್ಲ ಎಂದು ಒಮ್ಮೆ ನಾಚಿಕೆ, ಬಂದರೆ ತಪ್ಪೇನು ಎಂದು ಇನ್ನೊಮ್ಮೆ ಸಿಟ್ಟು.

ಆ ವಾರವೇ ಮಗಳು ಫೋನು ಮಾಡಿದಳು. ಭಾನುವಾರ ಅತ್ತೆ ಮಾವನನ್ನು ಕರೆದುಕೊಂಡು ಬರುತ್ತಾಳಂತೆ, ಎಲ್ಲರೂ ದೋಣಿಯಲ್ಲಿ ಒಂದು ಸುತ್ತು ಹೋಗಿ ಬರಬೇಕಂತೆ. ಡ್ರೈವರು ಹೂಂ ಎಂದರು. ಹೇಳುವಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

ಹೆಂಡತಿ ಅದನ್ನು ಗಮನಿಸಿದರು. ಮಾರನೆಯ ದಿನ ಗಂಡ ಹೊರಟ ಸ್ವಲ್ಪ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟರು. ದಕ್ಕೆಗೆ ಬಂದು ಕ್ಯಾಬಿನ್ನಿನೊಳಗೆ ಬಗ್ಗಿ ನೋಡಿದರೆ, ಡ್ರೈವರು ಮಂಡಿಯೂರಿ ಕೂತು ನೀರು ಹಿಂಡುತ್ತಿದ್ದರು. ಅಡಗಿಸಲು ಜಾಗವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು: ನೀರು, ಬಿರುಕು, ಬೀಗರ ಮೇಲಿನ ಅನುಮಾನ, ಎಲ್ಲ.

ಆಕೆ ಬೈಯಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದೊಡ್ಡ ದೊಡ್ಡ ಪಾತ್ರೆಗಳ ಅಡುಗೆಗೆ ಉಪ್ಪು ನೋಡಿದವರು ಆಕೆ. ಸೆರಗು ಸಿಕ್ಕಿಸಿಕೊಂಡು ಒಳಗಿಳಿದು, ತಳದ ನೀರಿಗೆ ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು. ಡ್ರೈವರು ತಡೆಯುವಷ್ಟರಲ್ಲಿ ಹೊರಕ್ಕೆ ಬಗ್ಗಿ ಉಗಿದೂ ಆಗಿತ್ತು.

"ಎಣ್ಣೆ ಇದೆ, ಸೋಪಿದೆ," ಎಂದರು. "ಉಪ್ಪಿಲ್ಲ."

"ಉಪ್ಪಿಲ್ಲ ಅಂದ್ರೆ?"

"ಅಂದ್ರೆ ಇದು ಸಮುದ್ರದ ನೀರಲ್ಲ ಕಣ್ರೀ. ನೀವು ದಿನಾ ಸಂಜೆ ಹಾಕ್ತಿರೋ ನೀರು."

ಡ್ರೈವರು ನಂಬಲಾರದೆ ತಾವೂ ಒಂದು ಹನಿ ರುಚಿ ನೋಡಿದರು. ಹೌದು, ಉಪ್ಪಿರಲಿಲ್ಲ. ಆಮೇಲೆ ಆಕೆಯನ್ನು ಒಳಗೆ ಟಾರ್ಚು ಕೊಟ್ಟು ಕೂರಿಸಿ, ತಾವು ಮೇಲೆ ನಿಂತು ಬಕೆಟ್ಟಿನಿಂದ ಅಲ್ಲಲ್ಲಿ ನೀರು ಹುಯ್ದರು. ಕಿಟಕಿಯ ಹತ್ತಿರ ಹುಯ್ದರೆ ಏನೂ ಇಲ್ಲ. ಮುಂಭಾಗದಲ್ಲಿ ಹಗ್ಗ ಕಟ್ಟುವ ಸ್ಟೀಲಿನ ಗೂಟದ ಬುಡಕ್ಕೆ ಹುಯ್ದಾಗ ಒಳಗಿನಿಂದ ಕೂಗು ಬಂತು: ಬಂತು, ಇಲ್ಲೇ ತೊಟ್ಟಿಕ್ಕುತ್ತಿದೆ.

ಡ್ರೈವರು ಹಣೆ ಚಚ್ಚಿಕೊಂಡರು. ದೋಣಿ ಕೊಂಡ ಹೊಸದರಲ್ಲಿ ಪಾಲಿಶ್ ಮಾಡೋಣವೆಂದು ಆ ಗೂಟವನ್ನು ಬಿಚ್ಚಿದ್ದವರು ಅವರೇ. ಬುಡದಲ್ಲಿ ಸುತ್ತ ಮೆತ್ತಿದ್ದ ಬಿಳಿ ಅಂಟನ್ನು ಕೊಳೆಯೆಂದುಕೊಂಡು ಉಳಿಯಿಂದ ಕೆರೆದು, ಚೊಕ್ಕಟವಾಗಿ ಒರೆಸಿ, ಬರೀ ಬೋಲ್ಟು ಬಿಗಿದು ಕೂರಿಸಿದ್ದರು. ನೀರು ಇಳಿಯದಿರಲೆಂದೇ ಬೀಗರು ಮುತುವರ್ಜಿಯಿಂದ ಹಚ್ಚಿದ್ದ ಅಂಟು ಅದು.

ದೋಣಿಗೆ ಬಿರುಕಿಲ್ಲ. ಬೀಗರು ಮೋಸಗಾರರಲ್ಲ. ಡ್ರೈವರು ಅಲ್ಲೇ ಒದ್ದೆ ಹಲಗೆಯ ಮೇಲೆ ಕೂತುಬಿಟ್ಟರು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎದೆಯ ಮೇಲೆ ಹೊತ್ತುಕೊಂಡಿದ್ದ ಬಂಡೆ ಉರುಳಿ ಕಡಲಿಗೆ ಬಿದ್ದ ಹಾಗಾಯಿತು. ಹೆಂಡತಿ ಕ್ಯಾಬಿನ್ನಿನಿಂದ ತಲೆ ಹೊರಹಾಕಿ, ಬೀಗರ ಹತ್ತಿರ ಏನಾದರೂ ಅಂದುಬಿಟ್ಟಿದ್ದೀರಾ ಎಂದು ಕೇಳಿದರು. ಇಲ್ಲ, ಒಂದು ಮಾತೂ ಇಲ್ಲ ಎಂದಾಗ ಆಕೆಗೂ ನಿರಾಳವಾಯಿತು. ಅದೇ ಮಧ್ಯಾಹ್ನ ಅಂಗಡಿಯಿಂದ ಅಂಟಿನ ಟ್ಯೂಬು ತಂದು, ಮೇಲಿನಿಂದ ಅವರು ಬೋಲ್ಟು ತಿರುಗಿಸಿ, ಕೆಳಗಿನಿಂದ ಆಕೆ ನಟ್ಟು ಹಿಡಿದು, ಗೂಟವನ್ನು ಮತ್ತೆ ಕೂರಿಸಿದರು.

ಭಾನುವಾರ ಬಿಸಿಲು ಹದವಾಗಿತ್ತು. ಕಡಲು ತಟ್ಟೆಯ ಹಾಗೆ ಮಲಗಿತ್ತು. ಮಗಳು ಒಂದು ಕಡೆಯಿಂದ, ಡ್ರೈವರು ಇನ್ನೊಂದು ಕಡೆಯಿಂದ ಹಿಡಿದು ಬೀಗರನ್ನು ದೋಣಿಗೆ ಇಳಿಸಿದರು. ಹೆಂಗಸರು ಹಿಂದೆ ಕೂತು ಮಾತಿಗೆ ತೊಡಗಿದರು. ದಕ್ಕೆ ಚಿಕ್ಕದಾಗುವಷ್ಟು ದೂರ ಹೋದ ಮೇಲೆ ಡ್ರೈವರು ವೇಗ ಇಳಿಸಿ, ಪಕ್ಕದಲ್ಲಿ ಕೂತಿದ್ದ ಬೀಗರಿಗೆ ನೀರಿನ ಕಥೆಯನ್ನು ಮೊದಲಿನಿಂದ ಹೇಳಿದರು. ತಮ್ಮ ಅನುಮಾನವನ್ನೂ ಬಚ್ಚಿಡಲಿಲ್ಲ.

ಬೀಗರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು.

"ನನಗೂ ಅದೇ ಭಯ ಬೀಗ್ರೇ," ಎಂದರು ಕೊನೆಗೆ. "ಮಾರಿದಾಗಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಹಳೇ ಎಂಜಿನ್ನು, ನಡುನೀರಲ್ಲಿ ನಿಂತುಬಿಟ್ರೆ ನಿಮ್ಮ ಗತಿಯೇನು, ನಾನು ಸೊಸೆಗೆ ಮುಖ ಹೇಗೆ ತೋರಿಸಲಿ ಅಂತ. ಅದಕ್ಕೇ ಫೋನು ಮಾಡ್ತಿದ್ದೆ. ನೀವು ಬಂಗಾರದ ಹಾಗಿದೆ ಅಂತಿದ್ರಿ. ನನಗೆ ನಂಬಿಕೇನೇ ಬರ್ತಿರಲಿಲ್ಲ."

"ಇವತ್ತು ನಂಬ್ತೀರಾ?"

ಬೀಗರು ಹಿಂದಕ್ಕೆ ವಾಲಿ ಎಂಜಿನ್ನಿನ ಕಡೆ ಕಿವಿಗೊಟ್ಟರು. ಸದ್ದು ಒಂದೇ ಸಮನಾಗಿತ್ತು. ತಾವು ಇಟ್ಟುಕೊಂಡಿದ್ದಾಗ ಕೂಡ ಇಷ್ಟು ನಯವಾಗಿ ಓಡಿರಲಿಲ್ಲ ಎಂದರು. ಅದು ಮುಖಸ್ತುತಿಯೋ ನಿಜವೋ, ಡ್ರೈವರು ಕೆದಕಲು ಹೋಗದೆ ದೋಣಿಯನ್ನು ದಕ್ಕೆಯ ಕಡೆಗೆ ತಿರುಗಿಸಿದರು. ಇಬ್ಬರೂ ಬೇರೆ ವಿಷಯಕ್ಕೆ ಹೊರಳಿದರು: ಮಂಡಿಗೆ ಯಾವ ಎಣ್ಣೆ ಒಳ್ಳೆಯದು, ಅಂಗಡಿಯನ್ನು ಮಗನಿಗೆ ಯಾವಾಗ ಬಿಟ್ಟುಕೊಡುವುದು.

ಅರ್ಧ ಮಾತಿನಲ್ಲಿ ಬೀಗರ ದನಿ ನಿಂತಿತು. ತಿರುಗಿ ನೋಡಿದರೆ ಗಲ್ಲ ಎದೆಗಾನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಹಿಂದಿನಿಂದ ಬೀಗಿತ್ತಿ, ಅಯ್ಯೋ ಇವರೊಬ್ಬರು ಎಂದು ಎಬ್ಬಿಸಲು ಹೊರಟರು. ಡ್ರೈವರು ಬೇಡವೆಂದು ಕೈಸನ್ನೆ ಮಾಡಿದರು. ದಕ್ಕೆಯ ಕಡೆಗೆ ತಿರುಗಿಸಿದ್ದ ಸ್ಟೇರಿಂಗನ್ನು ಮೆಲ್ಲಗೆ, ದೋಣಿ ಅಲುಗದ ಹಾಗೆ, ಮತ್ತೆ ಕಡಲಿನತ್ತ ಹೊರಳಿಸಿದರು.