ಹುಸೇನ್‌ಬೀಯ ಎರಡನೆಯ ಬೀಳ್ಕೊಡುಗೆ

ಮಸ್ಕಿಯ ಮಳೆಗೆ ಬುದ್ಧಿ ಎಂಬುದೇ ಇಲ್ಲ. ಬೇಕೆಂದಾಗ ಮೋಡ ತೋರಿಸಿ ಓಡಿಹೋಗುತ್ತದೆ, ಬೇಡವೆಂದಾಗ ಬಂದು ಎದೆಯ ಮೇಲೆ ಕೂರುತ್ತದೆ. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆಗಿ ಐದಾರು ವರ್ಷ ಕಳೆದಿದ್ದ ಆ ಮುಂಗಾರಿನಲ್ಲಿ ಅದು ಹುಸೇನ್‌ಬೀಯ ಹಜ್ಜಿನ ಹಡಗು ತಪ್ಪಿಸಿತು. ತಪ್ಪಿಸಿದ್ದು ಮಳೆ ಎಂದು ನಾನು ಹೇಳುತ್ತೇನೆ. ನಮ್ಮ ಓಣಿ ಹಾಗೆ ಹೇಳಲಿಲ್ಲ. ಮಳೆಯ ಮೇಲೆ ಸಿಟ್ಟು ಮಾಡುವುದಕ್ಕಿಂತ ಒಬ್ಬ ಹೆಂಗಸಿನ ಮೇಲೆ ಸಿಟ್ಟು ಮಾಡುವುದು ಓಣಿಗೆ ಸುಲಭ.

ಹುಸೇನ್‌ಬೀ ಬಳೆಗಾರ್ತಿ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಗ ದಸ್ತಗೀರ್‌ಸಾಬ್ ಬಸ್ಸು ನಿಲ್ಲುವಲ್ಲಿ ಬಳೆ ಅಂಗಡಿ ಇಟ್ಟಿದ್ದ. ಸೊಸೆ ಸಕೀನಾಬೀ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು. ಅವಳ ಕೈ ಎಷ್ಟು ಹಗುರವೆಂದರೆ ಎಂಥ ಬಿಗಿ ಬಳೆಯೂ ನೋವಿಲ್ಲದೆ ಏರುತ್ತಿತ್ತು. ಆದರೆ ಬಸುರಿಗೆ ಕುಬುಸ ಮಾಡುವ ದಿನ ಹಸಿರು ಬಳೆ ತೊಡಿಸಲು ಅವಳನ್ನು ಯಾರೂ ಒಳಗೆ ಕರೆಯುತ್ತಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳಿಗೆ ಮಕ್ಕಳಿಲ್ಲ. ಬಂಜೆಯ ಕೈ ಬಸುರಿಗೆ ತಾಗಬಾರದಂತೆ. ಬಳೆಯ ಗಂಟು ಹೊತ್ತು ಅತ್ತೆಯ ಹಿಂದೆ ಹೋಗುವುದು, ಗಂಟನ್ನು ಅತ್ತೆಗೆ ಕೊಟ್ಟು ಅಂಗಳದಲ್ಲಿ ಕೂರುವುದು, ಒಳಗಿನ ಹಾಡು ಕೇಳಿ ಎದ್ದು ಬರುವುದು, ಇಷ್ಟೇ ಅವಳ ಪಾಲಿಗೆ.

ಇನ್ನೊಂದು ಮದುವೆ ಮಾಡಿಕೋ ಎಂದು ಜನ ಹೇಳಿದರೆ ದಸ್ತಗೀರ ತಲೆ ತಗ್ಗಿಸಿ, “ಬ್ಯಾಡ್ರಿ, ಇಕಿ ಒಬ್ಬಾಕಿನ ಸಾಕು” ಎನ್ನುತ್ತಿದ್ದ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಇಡೀ ಮಸ್ಕಿ ಹೊಗಳುತ್ತಿತ್ತು. ನಾನೂ ಹೊಗಳಿದ್ದೇನೆ, ನನ್ನ ಬಾಯಿಗೆ ಹುಳ ಬೀಳಲಿ.

ಹುಸೇನ್‌ಬೀಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ, ಹಜ್ಜು. ಲಿಂಗಸುಗೂರಿನ ಅವಳ ತಮ್ಮ ಹಸನ್‌ಸಾಬ್ ಜೊತೆಗೆ ಹೊರಟಿದ್ದ. ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ಮುಂಬಯಿಗೆ ರೈಲು, ಮುಂಬಯಿಯಿಂದ ಹಡಗು. ಹಡಗು ಎಷ್ಟು ದೊಡ್ಡದಿರುತ್ತದೆ ಎಂದು ಅವಳು ತಮ್ಮನನ್ನು ಕೇಳಿದಳಂತೆ. “ನಮ್ಮ ಮಸ್ಕಿ ಊರಿಗೂರ ಅದರಾಗ ಹಿಡಿಸ್ತೈತಿ ಆಪಾ” ಎಂದನಂತೆ ಅವನು. ಆಮೇಲೆ ಮುದುಕಿ ಕಂಡಕಂಡವರಿಗೆಲ್ಲ ಅದನ್ನೇ ಹೇಳುತ್ತ ತಿರುಗಿದಳು.

ಹಜ್ಜಿಗೆ ಹೊರಟವರು ಊರವರೆಲ್ಲರ ಮಾಫಿ ಕೇಳಿ ಹೋಗಬೇಕು. ಒಬ್ಬರ ಮನಸ್ಸಿನಲ್ಲಿ ಕಹಿ ಉಳಿದರೂ ಮಾಡಿದ ಯಾತ್ರೆ ದೇವರಿಗೆ ಮುಟ್ಟುವುದಿಲ್ಲ ಎಂದು ಹುಸೇನ್‌ಬೀಯ ನಂಬಿಕೆ. ಹೊರಡುವ ಹಿಂದಿನ ದಿನ ಅವಳು ಮನೆಮನೆಗೆ ಬಂದು, “ಅಂದಿದ್ದು ಆಡಿದ್ದು ಮಾಫ್ ಮಾಡ್ರಿ” ಎಂದಳು. ನಾವು, “ಮಾಡೀವಿ, ಹೋಗಿ ಬಾ” ಎಂದೆವು. ನಮಸ್ಕಾರಕ್ಕೆ ನಮಸ್ಕಾರ ಹೇಳಿದ ಹಾಗೆ. ಯಾರಿಗೆ ಯಾವ ತಪ್ಪು ಎಂದು ಯಾರು ಕೇಳುತ್ತಾರೆ?

ಸಂಜೆ ಸಕೀನಾ ನಮ್ಮ ಹಿತ್ತಲಿಗೆ ಬಂದಳು.

“ಕಲ್ಯಾಣಮ್ಮಕ್ಕಾ, ಅತ್ತಿ ನನ್ನ ಮಾಫಿ ಕೇಳಿದ್ಲು. ಏನಂತ ಗೊತ್ತೇನು? ಹೈದರಾಬಾದ್ ದವಾಖಾನ್ಯಾಗ ಡಾಕ್ಟರು ತಾಯಿ ಮಗನ್ನ ಕುಂದ್ರಿಸಿಕೊಂಡು ಹೇಳ್ಯಾರಂತ. ದೋಷ ನಮ್ಮ ಮನಿಯವರದಂತ. ನಂದಲ್ಲಂತ. ಲಗ್ನ ಆಗಿ ನಾಕು ವರ್ಷಕ್ಕನ ಹೇಳ್ಯಾರಂತ.”

“ನೀ ಏನಂದಿ?”

“ಮಾಫ್ ಮಾಡೀನಿ ಅಂದೆ. ಮುದುಕಿ ಕಾಲಿಗೆ ಬೀಳಾಕ ಬಂದ್ಲು, ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತಿತ್ತು. ಇನ್ನೇನ್ ಅನ್ನಲಿ?”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಹೊರಟೆ. ಅವಳು ಎರಡೂ ಕೈಯಿಂದ ನನ್ನ ಹಿಡಿದು ನಿಲ್ಲಿಸಿದಳು. “ನೀ ಹೇಳಬ್ಯಾಡ ಅಕ್ಕಾ. ಆಕಿ ಬಾಯಿಂದನ ಬರಬೇಕು. ನಾವು ಹೇಳಿದ್ರ, ಬಂಜಿ ಗಂಡನ ಮ್ಯಾಲ ಹಾಕಾಕತ್ತಾಳ ಅಂತಾರ.” ಅದು ಖರೆ. ನಮ್ಮ ಓಣಿ ನನಗೆ ಗೊತ್ತಿಲ್ಲವೇ? ಬಾಯಿ ಮುಚ್ಚಿಕೊಂಡೆ.

ಮರುದಿನ ಹಾರ ಹಾಕಿ ಹುಸೇನ್‌ಬೀಯನ್ನು ಬಸ್ಸಿಗೆ ಹತ್ತಿಸಿದೆವು. ಬಸ್ಸು ಕಣ್ಮರೆಯಾಗುವ ಮೊದಲೇ ಆಕಾಶ ಕಪ್ಪಿಟ್ಟಿತು. ರಾಯಚೂರಿನ ದಾರಿಯ ಸಿಂಧನೂರು ಇನ್ನೂ ಮುಂದಿರುವಾಗಲೇ ಹಳ್ಳ ತುಂಬಿ ಬಂದು ದಾರಿ ನುಂಗಿತು. ಹಿಂದಕ್ಕೆ ತಿರುಗಿಸಲು ಹೋದ ಬಸ್ಸು ಎರೆಮಣ್ಣಿನಲ್ಲಿ ಅರ್ಧ ಗಾಲಿ ಹೂತು ನಿಂತಿತು. ಜನ ಹೊಲದ ನಡುವಿನ ಹನುಮಪ್ಪನ ಗುಡಿಯಲ್ಲಿ ಮುದುಡಿ ಕೂತರು. ನೀರು ಇಳಿದು ಅವರು ರಾಯಚೂರು ಮುಟ್ಟುವ ಹೊತ್ತಿಗೆ ಹಡಗಿಗೆ ಸೇರಿಸಬೇಕಾಗಿದ್ದ ರೈಲು ಹೋಗಿಯಾಗಿತ್ತು. ಮುಂದಿನ ರೈಲು ಹಿಡಿದರೂ ಪ್ರಯೋಜನವಿರಲಿಲ್ಲ. ಯಾವ ಹಡಗೂ ಮಸ್ಕಿಯ ಮುದುಕಿಗಾಗಿ ಕಾಯುವುದಿಲ್ಲ.

ಹುಸೇನ್‌ಬೀ ವಾಪಸು ಬಂದಳು. ಸೀರೆಯ ತುಂಬ ಕೆಸರು. ಬಸ್ಸಿನಿಂದ ಇಳಿದವಳು ಯಾರನ್ನೂ ಮಾತಾಡಿಸದೆ ನೇರ ಮನೆಯ ಕಟ್ಟೆಗೆ ಬಂದು, ಓಣಿಗೆಲ್ಲ ಕೇಳುವಂತೆ ಸೊಸೆಗೆ ಹೇಳಿದಳು.

“ಬಾಯಿಲೆ ಮಾಫ್ ಅಂದಿ, ಹೊಟ್ಟ್ಯಾಗ ಇಟ್ಕೊಂಡಿ. ಅದಕ್ಕ ಹಳ್ಳ ಬಂತು ನನಗ ಅಡ್ಡ.”

ಹೊಟ್ಟೆಯಲ್ಲಿ ಏನನ್ನು ಇಟ್ಟುಕೊಂಡಿದ್ದಳು ಎಂದು ಮುದುಕಿ ಹೇಳಲಿಲ್ಲ, ಓಣಿ ಕೇಳಲಿಲ್ಲ. ಅಂದಿನಿಂದ ಸಕೀನಾಳ ಕೈಯಿಂದ ಬಳೆ ತೊಡುವವರೇ ಇಲ್ಲವಾದರು. ಹಜ್ಜಿಗೆ ಅಡ್ಡ ಬಂದ ಕೈ ಅದು. ಮನೆಯೊಳಗೆ ಅತ್ತೆ ಇನ್ನೊಂದು ಮಾತೂ ಹೇಳಿದಳಂತೆ: “ಅವತ್ತು ಹೇಳಿದ್ದು ಹಜ್ಜಿನ ಸಲುವಾಗಿ. ಹಜ್ಜ ಆಗಲಿಲ್ಲ, ಹೇಳಿದ್ದೂ ಆಗಿಲ್ಲ ಅಂತ ತಿಳ್ಕೋ.” ದೇವರಂಥ ಗಂಡ ಪಕ್ಕದಲ್ಲಿ ಕೂತು ಬಳೆ ಎಣಿಸುತ್ತಿದ್ದನಂತೆ. ಸೊಸೆಯ ಮಾಫಿ ಗಟ್ಟಿಯಾಗಲಿಲ್ಲ ಎಂದು ನಂಬುವ ಮುದುಕಿಗೆ, ತಾನು ಒಪ್ಪಿಕೊಂಡ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಕಷ್ಟವಾಗಲಿಲ್ಲ ನೋಡಿ.

ಕೆಲವು ದಿನಗಳ ಮೇಲೆ ಹಸನ್‌ಸಾಬ್ ಲಿಂಗಸುಗೂರಿನಿಂದ ಓಡೋಡಿ ಬಂದ. ಮಳೆಯಿಂದ ಹಡಗು ತಪ್ಪಿದವರಿಗೆ ಆ ವರ್ಷದ ಕೊನೆಯ ಹಡಗಿನಲ್ಲಿ ಜಾಗ ಸಿಕ್ಕಿತ್ತು. ಹುಸೇನ್‌ಬೀ ಅತ್ತಳು, ನಕ್ಕಳು, ಟ್ರಂಕು ತೊಳೆದು ಒಣಗಿಸಿದಳು. ಈ ಸಲ ಅವಳು ಯಾರ ಮನೆಗೂ ಹೋಗಲಿಲ್ಲ. ಬಸ್ಸಿನ ಹತ್ತಿರ ಎಲ್ಲರೂ ಬನ್ನಿ ಎಂದು ಹೇಳಿ ಕಳಿಸಿದಳು. ಸೊಸೆ ಎಲ್ಲರೆದುರು ಮಾಫ್ ಎನ್ನಬೇಕು. ಆಮೇಲೆ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಪಾಪ ಅವಳಿಗೇ ಎಂದು ಮುದುಕಿಯ ಲೆಕ್ಕ.

ಅಂದು ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಬಸ್ಸು ನಿಂತಿತ್ತು. ದಸ್ತಗೀರ ತಾಯಿಯ ಟ್ರಂಕು ಹಿಡಿದಿದ್ದ. ಹುಸೇನ್‌ಬೀ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಸೊಸೆಯ ಕಡೆ ತಿರುಗಿ, ಉರ್ದುವಿನಲ್ಲಿ ಮಾಫಿ ಕೇಳಿದಳು.

ಮನೆಯಲ್ಲಿ ಅವರ ಮಾತು ಉರ್ದುವೇ. ಆದರೆ ಸಕೀನಾ ಕನ್ನಡದಲ್ಲಿ ಉತ್ತರಿಸಿದಳು. ನಮಗೆಲ್ಲ ತಿಳಿಯಲಿ ಎಂದೇ.

“ಯಾವ ತಪ್ಪಿಗೆ, ಅತ್ತಿ?”

ಹುಸೇನ್‌ಬೀ ಬಾಗಿಲ ಕಂಬಿ ಹಿಡಿದಳು.

“ಮಂದಿ ಮುಂದ ಮಾಫಿ ಕೇಳಾಕತ್ತೀರಿ. ತಪ್ಪೂ ಮಂದಿ ಮುಂದನ ಹೇಳ್ರಿ. ಒಂದ ಮಾತು. ಹೇಳ್ರಿ, ಈಗಿಂದೀಗ ಮಾಫ್ ಮಾಡ್ತೀನಿ.”

ಹಸನ್‌ಸಾಬ್‌ಗೆ ಏನೂ ಗೊತ್ತಿರಲಿಲ್ಲ. ಬಸ್ಸಿನ ಒಳಗಿನಿಂದ, “ಏನೈತಿ ಹೇಳಿಬಿಡು ಆಪಾ, ಬಸ್ ನಿಂದ್ರಂಗಿಲ್ಲ” ಎಂದು ಕೂಗಿದ. ಮುದುಕಿ ಮಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಹೇಳು, ಮುದುಕಿ, ಹೇಳು ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಕಂಡಕ್ಟರ್ ಸೀಟಿ ಊದಿದ. ಹುಸೇನ್‌ಬೀ ಮೆಟ್ಟಿಲ ಮೇಲಿನ ಕಾಲನ್ನು ಕೆಳಗಿಟ್ಟಳು.

ಬಸ್ಸು ಹೊರಟಿತು. ಅದು ಕೊನೆಯ ಹಡಗಾದ್ದರಿಂದ ಹಸನ್‌ಸಾಬ್ ಇಳಿಯಲಿಲ್ಲ.

ಆಮೇಲೆ ಓಣಿ ಸಕೀನಾಳ ಮೇಲೆ ಬಿತ್ತು. ಮುದುಕಿಯ ಹಜ್ಜು ನುಂಗಿದವಳು, ಹೆತ್ತಿದ್ದರೆ ತಾಯಿಯ ಸಂಕಟ ತಿಳಿಯುತ್ತಿತ್ತು, ಇನ್ನೂ ಏನೇನೋ. ಜನ ತನ್ನ ಕಡೆಗಿದ್ದಾರೆ ಎಂದು ಕಂಡಕೂಡಲೇ ದಸ್ತಗೀರನಿಗೆ ಎಲ್ಲಿತ್ತೋ ಗಂಟಲು ಬಂತು. ಟ್ರಂಕು ಕೆಳಗಿಟ್ಟು ಕೂಗಿದ:

“ಇಂಥ ಬಂಜಿನ್ನ ಮನ್ಯಾಗ ಇಟ್ಕೊಂಡಿದ್ದ ನನ್ನ ತಪ್ಪು! ನಾಳೆನ ಸಿಂಧನೂರಿಗೆ ಹೋಗಿ ಇನ್ನೊಂದು ಮದುವಿ ಮಾಡ್ಕೊಂಡು ಬರ್ತೀನಿ!”

ಹುಸೇನ್‌ಬೀ ಮಗನನ್ನು ನೋಡಿದಳು. ಇವನ ಮಾನ ಉಳಿಸಲು ಈಗಷ್ಟೇ ಮೆಟ್ಟಿಲಿನಿಂದ ಕಾಲು ಇಳಿಸಿದ್ದಳು. ನೋಡುತ್ತ ನೋಡುತ್ತಲೇ ಕಿರುಚಿದಳು:

“ಮಾಡ್ಕೋ! ಹತ್ತು ಮಾಡ್ಕೋ! ಯಾರ ಹೊಟ್ಟ್ಯಾಗ ಹುಟ್ತಾವ ನಿನಗ? ಡಾಕ್ಟರು ಹೇಳಿದ್ದು ಮರ್ತಿಯೇನ್ಲೇ? ದೋಷ ನಿಂದು! ಇಕೀದಲ್ಲ, ನಿಂದು! ನಿನ್ನ ಮಾರಿ ನೋಡಿ ಇಷ್ಟ ವರ್ಷ ಇಕೀನ್ನ ಬಂಜಿ ಅನ್ನಿಸೀನಿ ನಾ!”

ಅದೂ ಕನ್ನಡದಲ್ಲೇ. ಇಡೀ ಬಸ್ ಸ್ಟ್ಯಾಂಡ್ ಕೇಳಿತು. ದಸ್ತಗೀರ ಅಂಗಡಿಯ ಕಡೆ ಓಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಸಂತೋಷವಾಗಬೇಕಾಗಿತ್ತು, ಆಗಲಿಲ್ಲ.

ಮುದುಕಿ ಮಣ್ಣಿನಲ್ಲಿ ಕುಕ್ಕರಿಸಿ ಸೊಸೆಯ ಸೆರಗು ಹಿಡಿದಳು. “ಹೇಳೀನಲ್ಲ ಸಕೀನಾ. ಮಂದಿ ಮುಂದನ ಹೇಳೀನಲ್ಲವ್ವಾ. ಈಗ ಅನ್ನು. ಒಮ್ಮೆ ಅನ್ನು.”

ಸಕೀನಾ ಸಿಂಧನೂರಿನ ದಾರಿ ನೋಡಿದಳು. ಬಸ್ಸಿನ ಧೂಳು ಕೂಡ ಕೂತುಹೋಗಿತ್ತು. ಸೆರಗು ಬಿಡಿಸಿಕೊಂಡು, ಬಾಗಿ ಟ್ರಂಕು ಎತ್ತಿ, ಅತ್ತೆಯ ಮುಂದೆ ತಂದಿಟ್ಟಳು.

“ಮಾಫ್ ಮಾಡೀನ್ರಿ ಅತ್ತಿ” ಎಂದಳು. “ಹೋಗಿ ಬರ್ರಿ.”