ಹೊಳೆಯ ನಡುವಿನ ಬಂಡೆ

ಕೊಲ್ಲೂರಿನಾಚೆ ಘಟ್ಟದ ಬುಡದಲ್ಲಿದ್ದ ಆ ರೆಸಾರ್ಟಿಗೆ ವಿನಯಾ ಮೊದಲು ಹೋದದ್ದು ಡಿಸೆಂಬರಿನಲ್ಲಿ. ಗಂಡ ಸುಧಾಕರ ಕೋಟೇಶ್ವರದ ಮೀನು ವ್ಯಾಪಾರಿ. ಮಂಜುಗಡ್ಡೆಯ ತಂಪು ಬಿಟ್ಟರೆ ಬೇರೆ ಚಳಿ ಕಂಡವನಲ್ಲ. ಬೆಳಗ್ಗೆ ಶಾಲು ಹೊದ್ದು ಕುಳಿತ ಅಪ್ಪನನ್ನು ಕಂಡು ಪುಟ್ಟ ದೀಕ್ಷಾ ಬಿದ್ದು ಬಿದ್ದು ನಕ್ಕಿದ್ದಳು. ರೆಸಾರ್ಟಿನ ಹಿಂದಿನ ಹೊಳೆಯಲ್ಲಿ ಮೊಣಕಾಲುದ್ದ ತಿಳಿನೀರು. ಅದನ್ನು ದಾಟಿ, ನಡುವಿನ ಬಂಡೆಯ ಮೇಲೆ ಕುಳಿತು ಮೂವರೂ ಅವಲಕ್ಕಿ ತಿಂದಿದ್ದರು. ಅತ್ತೆ ಚಂದ್ರಮತಿ ಮಾತ್ರ ದಡ ಬಿಟ್ಟು ಇಳಿದಿರಲಿಲ್ಲ.

ಮಗಳ ಹಟಕ್ಕೆ ಮೇ ಕೊನೆಯಲ್ಲಿ ಮತ್ತೆ ಹೋದರು. ಈಗ ಹೊಳೆಯೆಂದರೆ ಬರೀ ಕಲ್ಲು, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನಿಂತ ನೀರು. ಊಟವಾದ ಮೇಲೆ ಅತ್ತೆಯೇ ಮೊಮ್ಮಗಳ ಕೈ ಹಿಡಿದು ಬಂಡೆಗೆ ಹೊರಟರು. ಕಳಿಸಿದವಳು ವಿನಯಾ. ಅವಳಿಗೆ ಒಂದು ಗಳಿಗೆ ನಿದ್ದೆ ಬೇಕಿತ್ತು.

ಗುಡುಗಿಗೆ ಎಚ್ಚರವಾಯಿತು. ಅಂಗಳದಲ್ಲಿ ಬಿಸಿಲು, ಘಟ್ಟದ ಮೇಲೆ ಮಾತ್ರ ಕಪ್ಪಿಟ್ಟಿತ್ತು. ಗಂಡನನ್ನು ಕೂಗುತ್ತಾ ಹೊಳೆಗೆ ಓಡಿದಳು. ತಲುಪುವಷ್ಟರಲ್ಲಿ ಕೆಂಪು ನೀರು ತರಗೆಲೆ, ಕಟ್ಟಿಗೆಗಳನ್ನು ದೂಡಿಕೊಂಡು ಬಂದಾಗಿತ್ತು. ಬಂಡೆಯ ಬುಡ ಮುಳುಗಿತ್ತು. ಮೇಲೆ ಅತ್ತೆ, ಬಿರುಕಿನಲ್ಲಿ ಬೆಳೆದ ಗಿಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ದೀಕ್ಷಾಳನ್ನು ಅವುಚಿಕೊಂಡು ನಿಂತಿದ್ದರು.

ಕೂಗು ಕೇಳಿ ಬಂದ, ರೆಸಾರ್ಟ್ ನೋಡಿಕೊಳ್ಳುತ್ತಿದ್ದ ಬಚ್ಚ ಹಗ್ಗ ತರಲು ಹಿಂದಕ್ಕೆ ಓಡಿದ. ಬೆನ್ನಿಗೇ ಬಂದ ಸುಧಾಕರ ಅಂಗಿ ಕಿತ್ತೆಸೆದ. ವಿನಯಾ ಹಿಂದಿನಿಂದ ಅವನ ಸೊಂಟವನ್ನು ತಬ್ಬಿ ಹಿಡಿದಳು.

"ಬಿಡ್! ಮಗು ಹೋತ್!"

"ಬಿಡ್ತಿಲ್ಲೆ. ನೀವ್ ಇಳ್ದ್ರೆ ನೀವೂ ಹೋತ್ರಿ. ಹಗ್ಗ ಬರ್ಲಿ, ನಿಲ್ಲಿ."

ನೀರಿನ ಸದ್ದಿನ ಮೇಲೆ "ಅಮ್ಮಾ" ಎಂಬ ಕೂಗು ಕೇಳಿತು. ಅವನು ಅವಳ ಕೈ ಪರಚಿದ, ಬೈದ. ತಾನು ಹಿಡಿದದ್ದೇ ತಪ್ಪಾದರೆ? ಆದರೂ ವಿನಯಾ ಹಿಡಿತ ಸಡಿಲಿಸಲಿಲ್ಲ.

ಬಚ್ಚ ಹಗ್ಗ ತಂದು ದಡದ ಮರಕ್ಕೆ ಬಿಗಿದ. ಇನ್ನೊಂದು ತುದಿ ಸುಧಾಕರನ ಸೊಂಟಕ್ಕೆ ಬಿದ್ದ ಮೇಲೆಯೇ ಅವಳು ಕೈ ತೆಗೆದದ್ದು. ಎದೆಮಟ್ಟದ ನೀರಲ್ಲಿ ಎರಡು ಸಲ ಕಾಲು ಜಾರಿತು, ಎರಡು ಸಲವೂ ಹಗ್ಗ ಎಳೆದು ನಿಲ್ಲಿಸಿತು. ಮೊದಲು ಮಗಳನ್ನು ತಂದ, ಆಮೇಲೆ ತಾಯಿಯನ್ನು.

ದಡಕ್ಕೆ ಬಂದವನೇ ಹೆಂಡತಿಯ ಕಡೆ ತಿರುಗಿದ. "ಮಗು ಕೂಗ್ತಿಪ್ಪತಿಗೆ ನನ್ನ ಹಿಡ್ಕಂಡ್ ನಿಂತ್ಯಲೆ! ನಿಂಗ್ ಕರುಳ್ ಇಲ್ಯಾ?"

ವಿನಯಾ ಒದ್ದೆಯಾಗಿದ್ದ ಮಗಳನ್ನು ಎತ್ತಿಕೊಂಡಳು. ನಡುಗುತ್ತಿದ್ದ ಚಂದ್ರಮತಿಯೇ ಹೇಳಿದರು: "ಸುಮ್ಕಿರ್ ಸುಧಾ. ನೀ ಹಾಗೇ ಹಾರಿ ಮುಳುಗಿರೆ, ನಾ ನಿನ್ನ ಹಿಡೂಕೆ ಕೈ ಚಾಚ್ತಿದ್ದೆ. ಆಗ ಈ ಮಗು ಎಲ್ಲಿರ್ತಿತ್ತ್?"

ಊರಿಗೆ ಮರಳುವಾಗ ಕಾರು ಹೆಮ್ಮಾಡಿ ದಾಟಿತು. ಆಮೇಲೆ ಸುಧಾಕರ, ರಸ್ತೆಯಿಂದ ಕಣ್ಣು ತೆಗೆಯದೆ, "ಸೊಂಟ ಇನ್ನೂ ನೋಯ್ತಿತ್ತ್ ಮಾರಾಯ್ತಿ. ಎಂಥಾ ಹಿಡ್ತವೇ ನಿಂದ್!" ಎಂದ.

ಅಷ್ಟು ಹೊತ್ತು ತಡೆದಿದ್ದ ವಿನಯಾ ಆಗ ಅತ್ತಳು.