ಗಾಜಿನವಳ ಮೇಲಿನ ದೂರು

ಒಂದು ಊರಿತ್ತು. ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಆದ್ದರಿಂದ ಹೆಸರು ಬೇಡ. ಆ ಊರಿನಲ್ಲಿ ಇನ್ನೊಬ್ಬರ ಗುಟ್ಟು ಬಯಲು ಮಾಡುವುದು ಕಳ್ಳತನಕ್ಕಿಂತ ದೊಡ್ಡ ತಪ್ಪಾಗಿತ್ತು. ಆದರೆ ಪ್ರತಿಯೊಬ್ಬರಿಗೂ ಒಬ್ಬರು ‘ಒಳಗಿನವರು’ ಇರುತ್ತಿದ್ದರು, ಗೆಳತಿಯೋ, ಷಡ್ಡಕನೋ, ಅತ್ತಿಗೆಯೋ. ಒಳಗಿನವರ ಕಿವಿಗೆ ಹಾಕಿದ್ದು ‘ಹೇಳಿದ್ದು’ ಎಂಬ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಲಗೈ ಎಡಗೈಯನ್ನು ಮುಟ್ಟಿದರೆ ಯಾರೋ ಬಂದು ಮುಟ್ಟಿದರು ಅನ್ನುತ್ತೀರಾ ಎಂದು ಅವರು ಕೇಳುತ್ತಿದ್ದರು. ಒಳಗಿನವರಿಗೂ ಒಬ್ಬರು ಒಳಗಿನವರು ಇರುತ್ತಾರೆ ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸಿದವರು ಸುಮ್ಮನಿದ್ದರು.

ಒಮ್ಮೆ ಅರಮನೆಯವರು ಚಾವಡಿಯ ಪಕ್ಕದ ಖಾಲಿ ಕೋಣೆಯಲ್ಲಿ ಆಳೆತ್ತರದ ಕಪ್ಪು ಗಾಜೊಂದನ್ನು ನಿಲ್ಲಿಸಿ ಹೋದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತರೆ ಗಾಜಿನಲ್ಲಿ ಒಬ್ಬ ಹೆಂಗಸಿನ ಮುಖ ಮೂಡುತ್ತಿತ್ತು. ಅವಳಿರುವುದು ಏಳು ಬೆಟ್ಟದಾಚೆಯ ಊರಿನಲ್ಲಿ. ಮನಸ್ಸಿನ ಭಾರ ಏನಿದ್ದರೂ ಅವಳಿಗೆ ಹೇಳಬಹುದು, ಅದು ಕೋಣೆ ದಾಟುವುದಿಲ್ಲ ಎಂದು ಡಂಗುರ ಹೊಡೆಸಿದರು. ಜನ ಅವಳನ್ನು ಗಾಜಿನವಳು ಎಂದು ಕರೆದರು.

ಅವಳ ಮೇಲೆ ಊರಿಗೆ ಮೊದಲ ದಿನದಿಂದಲೇ ಅನುಮಾನ. ಆ ಊರಿನಲ್ಲಿ ಒಬ್ಬರು ತಮ್ಮ ಕಷ್ಟ ಹೇಳಿಕೊಂಡರೆ ಕೇಳಿದವರು ತಮ್ಮದೊಂದು ಕಷ್ಟವನ್ನು ಹೇಳಿ ಸಮ ಮಾಡಬೇಕು. ಇವಳೋ ಎಲ್ಲವನ್ನೂ ಕೇಳಿಸಿಕೊಂಡು, ತನ್ನದನ್ನು ಒಂದಕ್ಷರವೂ ಬಿಟ್ಟುಕೊಡದೆ, “ಆಗ ನಿಮಗೆ ಏನನ್ನಿಸಿತು?” ಎಂದಷ್ಟೇ ಕೇಳುವಳು. ಮೋಡ ಕವಿದ ದಿನಗಳಲ್ಲಿ ಅವಳ ಮುಖ ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಕುಳಿತ ಯಾರಿಗೋ ವರದಿ ಒಪ್ಪಿಸುವ ಹೊತ್ತು ಅದು ಎಂದು ಜನ ಮಾತಾಡಿಕೊಂಡರು.

ಊರಿನಲ್ಲಿ ಸಾಕಮ್ಮ ಎಂಬವಳಿದ್ದಳು. ಅವಳೂ ಅವಳ ಅಕ್ಕ ತಾಯಮ್ಮನೂ ಒಂದೇ ಅಂಗಳದಲ್ಲಿ ಶ್ಯಾವಿಗೆ ಮಾಡಿ ಮಾರುತ್ತಿದ್ದರು. ಹಿಟ್ಟು ತುಂಬಿದ ಮರದ ಶ್ಯಾವಿಗೆ ಒರಳನ್ನು ಒಬ್ಬಳು ಒತ್ತಬೇಕು, ಕೆಳಗೆ ಇಳಿಯುವ ಎಳೆಗಳನ್ನು ಇನ್ನೊಬ್ಬಳು ಕಡಿಯದಂತೆ ಕೈಯಲ್ಲಿ ಹಿಡಿಯಬೇಕು. ಒಬ್ಬಳಿಂದ ಆಗುವ ಕೆಲಸ ಅಲ್ಲ. ಆದರೆ ಜನರ ಬಾಯಲ್ಲಿ ಅದು ‘ತಾಯಮ್ಮನ ಶ್ಯಾವಿಗೆ’. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸಾಕಮ್ಮನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ತಾಯಿ ಸತ್ತ ಮೇಲೆ ತನ್ನನ್ನು ಎತ್ತಿ ಆಡಿಸಿ ಸಾಕಿದ ಅಕ್ಕನ ಮೇಲೆಯೇ ಈ ಉರಿ. ಉರಿಗಿಂತ ಅದರ ಹಿಂದೆ ಬರುವ ನಾಚಿಕೆ ಅವಳನ್ನು ಹೆಚ್ಚು ಸುಡುತ್ತಿತ್ತು. ಅಕ್ಕನಿಗೆ ಗೊತ್ತಾದರೆ ಅಂಗಳ ಎರಡಾಗುತ್ತದೆ ಎಂಬ ಭಯದಲ್ಲೇ ಅವಳು ಬದುಕುತ್ತಿದ್ದಳು.

ಸಾಕಮ್ಮ ಗಾಜಿನವಳನ್ನು ಮೊದಲು ಪರೀಕ್ಷೆ ಮಾಡಿದಳು. “ಯಜಮಾನರ ಹುಂಜ ಕಳೆದುಹೋಯ್ತಲ್ಲ, ಅದನ್ನ ಸಾರು ಮಾಡಿ ತಿಂದೋಳು ನಾನೇ,” ಎಂದು ಸುಳ್ಳು ಹೇಳಿ ಬಂದು ಕಾದಳು. ಏನೂ ಆಗಲಿಲ್ಲ. ಊರ ಯಜಮಾನ ಎಂದಿನಂತೆ ನಗುತ್ತ ಬಂದು ಶ್ಯಾವಿಗೆ ಕೊಂಡು ಹೋದ. ಇಷ್ಟು ಬಾಯಿ ಬಿಗಿ ಇರುವವಳು ಇನ್ನೂ ಎಷ್ಟು ದೊಡ್ಡ ಮೋಸಕ್ಕೆ ಹೊಂಚು ಹಾಕಿರಬೇಕು ಎಂದು ಸಾಕಮ್ಮನ ಅನುಮಾನ ಇಮ್ಮಡಿಯಾಯಿತು. ಆದರೆ ಹೊಟ್ಟೆಯ ಕೆಂಡ ಅನುಮಾನಕ್ಕಿಂತ ಬಿಸಿಯಾಗಿತ್ತು. ಒಂದು ದಿನ ನಿಜವನ್ನೇ ಹೇಳಿಬಿಟ್ಟಳು.

ಗಾಜಿನವಳು ಛೀ ಅನ್ನಲಿಲ್ಲ. ಬುದ್ಧಿವಾದವನ್ನೂ ಹೇಳಲಿಲ್ಲ. “ನಿಮ್ಮ ಹೆಸರೂ ಯಾರಾದರೂ ಹೇಳಲಿ ಅಂತ ಅನ್ನಿಸುವುದು ಅಕ್ಕನ ಮೇಲಿನ ದ್ವೇಷವೇ?” ಎಂದು ಕೇಳಿದಳು. ಸಾಕಮ್ಮ ಅಂದು ಬಹಳ ಹೊತ್ತು ಅತ್ತಳು. ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದಳು. ಕೆಂಡ ಆರಲಿಲ್ಲ, ಆದರೆ ಬೂದಿ ಮುಚ್ಚಿತು. ಅಕ್ಕನ ಜೊತೆ ಮತ್ತೆ ಹಾಡು ಹೇಳಿಕೊಂಡು ಒರಳು ಒತ್ತುವಷ್ಟು ಹಗುರಾದಳು.

ಈ ಹಗುರವನ್ನು ಒಬ್ಬಳೇ ಇಟ್ಟುಕೊಳ್ಳುವುದು ಹೇಗೆ? ಸಾಕಮ್ಮನ ಒಳಗಿನವಳು ಪಕ್ಕದ ಮನೆಯ ಮುದ್ದಮ್ಮ. ಅವಳ ಹತ್ತಿರ ಕೆಂಡದ ಕಥೆಯನ್ನೂ ಗಾಜಿನವಳ ಮಾತನ್ನೂ ಬಿಡಿಸಿ ಹೇಳಿದಳು. ಮುಂದಿನ ವಾರ ಕೋಣೆಯಲ್ಲಿ ಕುಳಿತಾಗ ಅದನ್ನೂ ಗಾಜಿನವಳಿಗೆ ತಿಳಿಸಿದಳು.

“ಅವರು ಬೇರೆಯವರಿಗೆ ಹೇಳಿದರೆ ನಿಮಗೆ ಏನನ್ನಿಸಬಹುದು?” ಎಂದು ಗಾಜಿನವಳು ಕೇಳಿದಳು.

“ಮುದ್ದಿ ನನ್ನ ಒಳಗಿನೋಳು. ಅವಳಿಗೆ ಹೇಳಿದ್ದು ಹೇಳಿದ್ದಲ್ಲ,” ಎಂದು ಸಾಕಮ್ಮ ಮುಖ ಗಂಟು ಹಾಕಿಕೊಂಡು ಎದ್ದು ಬಂದಳು. ಪರವೂರಿನವಳಿಗೆ ನಮ್ಮ ಮರ್ಯಾದೆ ಏನು ಗೊತ್ತು ಅನ್ನಿಸಿತು.

ಹುಣ್ಣಿಮೆ ಬರುವುದರೊಳಗೆ ಮಾತು ತಾಯಮ್ಮನ ಬಾಗಿಲಿಗೆ ಬಂದಿತ್ತು. ಅವಳು ಒರಳಿನ ಮೇಲಿಂದ ಕೈ ತೆಗೆದಳು.

“ನನ್ನ ಹೆಸರು ಕೇಳಿದ್ರೆ ನಿನ್ನ ಹೊಟ್ಟೆ ಉರಿಯುತ್ತಂತೆ. ನಿಜವೇನೇ?”

“ಯಾರಕ್ಕ ಹೇಳಿದ್ದು?”

“ಅದು ಬಿಡು. ನಿಜವೇನು ಹೇಳು.”

ಸಾಕಮ್ಮ ಕೈಯಲ್ಲಿದ್ದ ಎಳೆಗಳನ್ನು ತಟ್ಟೆಗೆ ಇಳಿಸಿದಳು. ಹಿಟ್ಟು ಒರಳಿನಲ್ಲೇ ಒಣಗಿತು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಅಂಗಳದಲ್ಲಿ ಶ್ಯಾವಿಗೆ ಇಳಿಯಲಿಲ್ಲ.

ಯಜಮಾನ ಚಾವಡಿಗೆ ಎಲ್ಲರನ್ನೂ ಕರೆಸಿದ. ಗುಟ್ಟು ಬಯಲು ಮಾಡಿದವರು ಯಾರು ಎಂದು ಒಬ್ಬೊಬ್ಬರನ್ನೇ ಕೇಳಿದ. ನಾನು ಯಾರಿಗೂ ಹೇಳಿಲ್ಲ ಎಂದು ಪ್ರತಿಯೊಬ್ಬರೂ ಆಣೆ ಇಟ್ಟರು. ಯಾರ ನಾಲಿಗೆಯೂ ತೊದಲಲಿಲ್ಲ, ಏಕೆಂದರೆ ಊರಿನ ಲೆಕ್ಕದಲ್ಲಿ ಅದೆಲ್ಲ ಸತ್ಯವೇ ಆಗಿತ್ತು. ಉಳಿದವಳು ಗಾಜಿನವಳು. ಇಡೀ ಊರಿನಲ್ಲಿ ಒಳಗಿನವರು ಇಲ್ಲದವಳು ಅವಳೊಬ್ಬಳೇ. ನಾಲ್ವರು ಗಾಜನ್ನು ಹೊತ್ತು ತಂದು ಚಾವಡಿಯ ಕಂಬಕ್ಕೆ ಒರಗಿಸಿದರು.

“ಸಾಕಮ್ಮ ನಿನಗೆ ಹೇಳಿದ್ದನ್ನ ನೀನು ಯಾರಿಗೆ ಹೇಳ್ದೆ?” ಎಂದು ಯಜಮಾನ ಕೇಳಿದ.

“ಅವರು ನನಗೆ ಏನಾದರೂ ಹೇಳಿದ್ದಾರೋ ಇಲ್ಲವೋ, ಅದನ್ನೂ ನಾನು ಹೇಳುವ ಹಾಗಿಲ್ಲ.”

“ನೀನಲ್ಲ ಅಂದ್ರೆ ಇನ್ಯಾರಿಗೆ ಹೇಳಿದಾಳೆ ಅವಳು? ಅದನ್ನಾದ್ರೂ ಹೇಳಿ ನಿನ್ನ ತಲೆ ಉಳಿಸ್ಕೊ.”

“ಅದನ್ನು ಅವರನ್ನೇ ಕೇಳಬೇಕು.”

ನೋಡಿದಿರಾ, ನುಣುಚಿಕೊಳ್ಳುತ್ತಿದ್ದಾಳೆ ಎಂದು ಜನ ಗುಜುಗುಟ್ಟಿದರು. ಮುಚ್ಚಿಡುವವರನ್ನು ಕಂಡರೆ ಅವರಿಗೆ ಎಂದಿಗೂ ಆಗುತ್ತಿರಲಿಲ್ಲ. ಯಜಮಾನ ಸಾಕಮ್ಮನ ಕಡೆ ತಿರುಗಿದ. “ಇವಳಿಗಲ್ಲದೆ ಬೇರೆ ಯಾರಿಗಾದ್ರೂ ಹೇಳಿದ್ದೀಯೇನಮ್ಮ?”

ಸಾಕಮ್ಮನ ಪಕ್ಕದಲ್ಲೇ ಮುದ್ದಮ್ಮ ನಿಂತಿದ್ದಳು. ಎದುರಿಗೆ ಅಕ್ಕ ಇದ್ದಳು, ಗಾಜಿನಲ್ಲಿ ಆ ಮುಖ ಇತ್ತು. ಮುದ್ದಮ್ಮನ ಹೆಸರು ಹೇಳಿಬಿಟ್ಟರೆ ಗಾಜಿನವಳು ಪಾರಾಗುತ್ತಾಳೆ ಎಂದು ಸಾಕಮ್ಮನಿಗೆ ತಿಳಿಯಿತು. ಅವಳು ಹೇಳುವುದಿಲ್ಲ ಎಂದೂ ಅದೇ ಗಳಿಗೆಯಲ್ಲಿ ತಿಳಿಯಿತು.

“ಯಾರಿಗೂ ಹೇಳಿಲ್ಲ,” ಎಂದಳು ಸಾಕಮ್ಮ. “ಇವಳಿಗೂ ಹೇಳಿಲ್ಲ. ಹೊಟ್ಟೆಯುರಿ ಅನ್ನೋದೆಲ್ಲ ಇವಳೇ ಕಟ್ಟಿದ ಕಥೆ.”

ಗಾಜಿನವಳು ಆಗಲೂ ಏನೂ ಹೇಳಲಿಲ್ಲ. ಗಾಜನ್ನು ಗೋಣಿಯಲ್ಲಿ ಸುತ್ತಿ, ಗಾಡಿಗೆ ಹಾಕಿ, ಊರಿನ ಎಲ್ಲೆ ದಾಟಿಸಿದರು. ತಾಯಮ್ಮ ಎಲ್ಲರೆದುರೇ ತಂಗಿಯನ್ನು ತಬ್ಬಿಕೊಂಡು, “ಆ ಮಾಟಗಾತಿ ಮಾತು ನಂಬಿ ನಿನ್ನ ನೋಯಿಸಿದೆನಲ್ಲೇ,” ಎಂದು ಅತ್ತಳು. ಸಾಕಮ್ಮನಿಗೆ ಅಕ್ಕ ಸಿಕ್ಕಳು.

ಆದರೆ ಹೊಟ್ಟೆಯಲ್ಲಿ ಈಗ ಬೇರೆ ಕೆಂಡ. ತಪ್ಪಿಲ್ಲದವಳ ಮೇಲೆ ಸುಳ್ಳು ಹೊರಿಸಿದೆನಲ್ಲ ಎಂದು ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಳಿಕೊಳ್ಳಲು ಹೋದರೆ ಆ ಕೋಣೆ ಖಾಲಿ. ಕೊನೆಗೆ ಮುದ್ದಮ್ಮನ ಮನೆಗೆ ಹೋಗಿ, ಬಾಗಿಲು ಓರೆ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿ ಎದೆ ಖಾಲಿ ಮಾಡಿಕೊಂಡಳು.

ಕೆಲವು ದಿನ ಕಳೆದವು. ಅಕ್ಕತಂಗಿಯರು ಅಂಗಳದಲ್ಲಿ ಕೆಲಸಕ್ಕೆ ಕುಳಿತಿದ್ದರು. ತಾಯಮ್ಮ ಒರಳು ಒತ್ತುತ್ತಿದ್ದಳು. ಅಂದು ಅವಳು ಹಾಡು ಎತ್ತಿರಲಿಲ್ಲ. ಬೀದಿಯಲ್ಲಿ ಹೋಗುವ ಹೆಂಗಸರು ಸಾಕಮ್ಮನನ್ನು ನೋಡಿ, ಸಂಕೋಚದಿಂದಲೋ ಏನೋ, ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಯಜಮಾನನೂ ಮುಖ ತಿರುಗಿಸಿಕೊಂಡು ಹೋದ, ಶ್ಯಾವಿಗೆ ಬೇಕೆಂದು ಕೇಳಲಿಲ್ಲ. ಗೋಣಿಯಲ್ಲಿ ಸುತ್ತಿ ಕಳಿಸಿದ ಗಾಜನ್ನು ವಾಪಸು ತರಿಸೋಣ ಎಂದು ಒಬ್ಬರೂ ಬಾಯಿ ಬಿಡುವ ಹಾಗಿರಲಿಲ್ಲ. ಬಿಟ್ಟರೆ, ನಿನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ.

ಸಾಕಮ್ಮನ ಕೈಯಲ್ಲಿ ಎಳೆಗಳು ಕಡಿದು ಕಡಿದು ಬೀಳತೊಡಗಿದವು.

“ಅಕ್ಕ,” ಎಂದಳು. “ನಿಂಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?”

“ಇಲ್ವಲ್ಲ,” ಎಂದಳು ತಾಯಮ್ಮ, ತಲೆ ಎತ್ತದೆ. “ಯಾರೂ ಏನೂ ಹೇಳಿಲ್ಲ.”